ನಾನು ಕಾಗದದ ಮೇಲೆ ಕಟ್ಟಿದ ಮಹಡಿ

ಏಪ್ರಿಲ್ ಬಂತೆಂದರೆ ನನಗೆ ಹಬ್ಬ. ನಗಬೇಡಿ, ನಿಜವಾಗಿಯೂ ಹಬ್ಬವೇ. ಆ ತಿಂಗಳೊಳಗೆ ಮನೆ ತೆರಿಗೆ ಕಟ್ಟಿದವರಿಗೆ ರಿಯಾಯಿತಿ ಸಿಗುತ್ತದೆ. ಹಾಗಾಗಿ ಕುರುಗೋಡಿನ ಬಸ್ ನಿಲ್ದಾಣದ ಹತ್ತಿರ ಇರುವ ನನ್ನ ಒಂದೇ ಕೋಣೆಯ ಕಂಪ್ಯೂಟರ್ ಅಂಗಡಿಯ ಮುಂದೆ ಬೆಳಗ್ಗೆ ಒಂಬತ್ತಕ್ಕೇ ಚಪ್ಪಲಿಗಳು ಸಾಲುಗಟ್ಟಿರುತ್ತವೆ. ನಾನು ಕೂತ ಬಸ್ಸು ಕೊಳಗಲ್ಲು ದಾಟುವಾಗಲೇ ಮೊಬೈಲು ಬಡಿದುಕೊಳ್ಳಲು ಶುರು: "ಅಕ್ಕಾರ, ಎಲ್ಲಿ ಅದೀರಿ? ಪಾಳಿ ಹಚ್ಚಿ ನಿಂತೀವಿ."

ನಾನು ಬಂಟ್ವಾಳದ ಕಡೆಯವಳು. ಮದುವೆಯಾಗಿ ಬಳ್ಳಾರಿಗೆ ಬಂದು ಎಂಟು ವರ್ಷವಾಯಿತು. ಗಂಡ ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವವರು. ಬಳ್ಳಾರಿಯಲ್ಲಿ ನಮ್ಮದೊಂದು ಸ್ಲಾಬ್ ಹಾಕಿದ ಪುಟ್ಟ ಮನೆ ಇದೆ. ಅದರ ತೆರಿಗೆಯ ನಮೂನೆಯನ್ನು ಮೊದಲ ವರ್ಷ ಯಾರದೋ ಕೈಯಲ್ಲಿ ತುಂಬಿಸಿ, ಮರುವರ್ಷ ನಾನೇ ಕೂತು ಒಂದೊಂದು ಕಾಲಂ ಓದಿ ತುಂಬಿದ್ದೆ. ಆಗ ತಲೆಗೆ ಹೊಳೆದದ್ದು ಒಂದೇ ಮಾತು. ಇದು ಸ್ವಯಂ ಘೋಷಣೆ. ಯಾರೂ ಬಂದು ನಮ್ಮ ಮನೆ ಅಳೆದು ತೆರಿಗೆ ಹಾಕುವುದಿಲ್ಲ. ಜಾಗ ಎಷ್ಟು, ಕಟ್ಟಡ ಎಷ್ಟು, ಛಾವಣಿ ಯಾವುದು, ಎಷ್ಟು ಅಂತಸ್ತು, ವಾಸಕ್ಕೋ ಅಂಗಡಿಗೋ ಎಂದು ನಾವೇ ಹೇಳಬೇಕು, ನಾವು ಹೇಳಿದ್ದರ ಮೇಲೆ ತೆರಿಗೆ. ಇಷ್ಟು ಗೊತ್ತಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಂಗಡಿ ತೆರೆದೇಬಿಟ್ಟೆ.

ನನ್ನ ಕೆಲಸದ ರೀತಿ ಹೀಗಿತ್ತು. ಹಳೆಯ ಕ್ರಯಪತ್ರ ತನ್ನಿ ಎನ್ನುತ್ತಿದ್ದೆ. ಅದರಲ್ಲಿದ್ದ ಅಳತೆ, ವಿವರ ನೋಡಿಕೊಂಡು, ನಾಲ್ಕು ಪ್ರಶ್ನೆ ಕೇಳಿ, ಹನ್ನೆರಡು ನಿಮಿಷದಲ್ಲಿ ಒಂದು ನಮೂನೆ ಮುಗಿಸುತ್ತಿದ್ದೆ. ಪಕ್ಕದ ಎರಡು ಅಂಗಡಿಯವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಈ ಹನ್ನೆರಡು ನಿಮಿಷದ ಬಗ್ಗೆ ನನಗಿದ್ದ ಜಂಬವನ್ನು ಏನೆಂದು ಹೇಳಲಿ!

ಏಪ್ರಿಲ್ ಮೊದಲ ವಾರದಲ್ಲಿ ಒಬ್ಬಾಕೆ ಬಂದರು. ಊರಿನವರೆಲ್ಲ ಆಕೆಯನ್ನು ಬಳೆ ಆಪಾ, ಅಂದರೆ ಬಳೆ ಅಕ್ಕ, ಎನ್ನುತ್ತಾರೆ. ಬುಟ್ಟಿ ಹೊತ್ತು ಓಣಿ ಓಣಿ ಸುತ್ತಿ ಬಳೆ ಇಡುವವರು. ಬುಟ್ಟಿ ಇಳಿಸಿ, ಪ್ಲಾಸ್ಟಿಕ್ ಚೀಲದಿಂದ ಮಡಿಕೆ ಹರಿದ ಪತ್ರ ತೆಗೆದು ನನ್ನ ಮುಂದಿಟ್ಟರು.

"ತಂಗಿ, ಚಂದಾಗಿ ಬರಿ. ಈ ಮನಿ ನನ್ನ ಹೆಸರಿಗೆ ಆಗೂದೈತಿ."

ವಿಷಯ ಸರಳವಾಗಿತ್ತು. ಅದು ಆಕೆಯ ಅಪ್ಪನ ಮನೆ. ಅಪ್ಪ ತೀರಿಕೊಂಡ ಮೇಲೆ ಖಾತೆ ಆಕೆಯ ಮತ್ತು ತಮ್ಮನ ಜಂಟಿ ಹೆಸರಿಗೆ ಬಂದಿತ್ತು. ತಮ್ಮ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಮೇಸ್ತ್ರಿ. ಗಂಡ ಸತ್ತ ಮೇಲೆ ತವರಿಗೆ ಬಂದು, ಅಪ್ಪನ ಕೊನೆಯ ತನಕ ಬಾಯಿಗೆ ತುತ್ತಿಟ್ಟವರು ಈ ಅಕ್ಕ. ತಮ್ಮ ಈಗ ಹಜ್‌ಗೆ ಹೊರಟಿದ್ದ. ಹೋಗುವ ಮೊದಲು ತನ್ನ ಪಾಲಿನ ಹಕ್ಕನ್ನು ಅಕ್ಕನಿಗೆ ಬಿಟ್ಟುಕೊಟ್ಟು ಹಗುರಾಗಿ ಹೋಗುತ್ತೇನೆ ಎಂದಿದ್ದ. ಅದನ್ನು ನೋಂದಣಿ ಮಾಡಿಸಲು ಮನೆಯ ಅಳತೆ, ಅಂತಸ್ತು, ಮಾಲೀಕರ ಹೆಸರು ಎಲ್ಲ ಇರುವ ಇ-ಖಾತೆ ಬೇಕು. ಇ-ಖಾತೆಗೆ ತೆರಿಗೆಯ ನಮೂನೆ ಸರಿಯಿರಬೇಕು. ನೋಂದಣಿಗೆ ಏಪ್ರಿಲ್ ಕೊನೆಯ ಸೋಮವಾರ ಗೊತ್ತಾಗಿತ್ತು. ಎರಡು ದಿನ ಬಿಟ್ಟು ತಮ್ಮನ ಪ್ರಯಾಣ.

ಪತ್ರದಲ್ಲಿ ದುಂಡು ಅಕ್ಷರದಲ್ಲಿ 'ಮಾಳಿಗೆ ಮನೆ' ಎಂದಿತ್ತು. ನಮ್ಮ ಬಂಟ್ವಾಳದ ಕಡೆ ಮಾಳಿಗೆ ಎಂದರೆ ಮಹಡಿ. ಒಂದನೇ ಮಾಳಿಗೆಯಲ್ಲಿ ಹಲ್ಲಿನ ಡಾಕ್ಟರು, ಎರಡನೇ ಮಾಳಿಗೆಯಲ್ಲಿ ಟೈಪಿಂಗ್ ಕ್ಲಾಸು; ನಾನು ಮೆಟ್ಟಿಲು ಹತ್ತಿ ಟೈಪಿಂಗ್ ಕಲಿತದ್ದೇ ಎರಡನೇ ಮಾಳಿಗೆಯಲ್ಲಿ. ಹಾಗಾಗಿ ಕೇಳಿದೆ, "ಮಾಳಿಗೆ ಎಷ್ಟು ಅಡಿ ಉಂಟು ಆಪಾ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಮನಿ ಎಷ್ಟೈತೋ ಮಾಳಿಗಿನೂ ಅಷ್ಟೇ ಇರ್ತೈತಲ್ಲ ತಂಗಿ. ಕಡಿಮಿ ಇದ್ರ ಮಳಿ ಒಳಗ ಬರಾಂಗಿಲ್ಲೇನು?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. "ಮೇಲೆ ಯಾರಿಗಾದರೂ ಬಾಡಿಗೆಗೆ ಕೊಟ್ಟಿದ್ದೀರಾ?"

"ಮಾಳಿಗಿನ ಯಾರು ಬಾಡಿಗಿ ಹಿಡೀತಾರ? ಬ್ಯಾಸಿಗ್ಯಾಗ ನಾವ ಅಲ್ಲಿ ಮಲಗ್ತೀವಿ."

ನೆಲ ಅಂತಸ್ತು, ಸ್ವಂತ ವಾಸ. ಮೊದಲ ಅಂತಸ್ತು, ಅಷ್ಟೇ ಅಳತೆ, ಸ್ವಂತ ವಾಸ. ಎರಡಂತಸ್ತು ಎಂದ ಮೇಲೆ ಛಾವಣಿ ಕಾಂಕ್ರೀಟಿನದೇ ತಾನೆ? ಅದನ್ನೂ ಒತ್ತಿದೆ. ಹತ್ತೇ ನಿಮಿಷ! ಆಪಾ ಓದು ಬಾರದವರು. ನಾನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ, ನನ್ನ ಕೈಗೆರಡು ಹಸಿರು ಬಳೆ ಹಾಕಿ ಹೋದರು.

ನೋಂದಣಿಗೆ ಒಂದು ವಾರ ಬಾಕಿ ಇದ್ದಾಗ, ಮಂಗಳವಾರ, ಅದೇ ಆಪಾ ಪಾಳಿ ದಾಟಿ ಸೀದಾ ಒಳಗೆ ಬಂದರು. ಬುಟ್ಟಿ ಇರಲಿಲ್ಲ. ಕೈಯಲ್ಲಿದ್ದ ನಮೂನೆಯನ್ನು ಕೀಬೋರ್ಡಿನ ಮೇಲೆಯೇ ಇಟ್ಟರು.

"ಏನ್ ಬರದಿ ತಂಗಿ ಇದರಾಗ? ನಿನ್ನೆ ಇ-ಖಾತೆ ಸಲುವಾಗಿ ತೆರಿಗಿಯವರು ಮನಿ ನೋಡಾಕ ಬಂದಿದ್ರು. ಮ್ಯಾಲಿನ ಮನಿ ತೋರ್ಸವ್ವಾ ಅಂದ್ರು. ಯಾವ ಮ್ಯಾಲಿನ ಮನಿರೀ ಅಂದೆ. ನೀನ ಬರದು ಕೊಟ್ಟೀಯಲ್ಲ, ಕೆಡವಿದೇನು ಅಂತ ಕೇಳ್ತಾರ! ಕಾಗದಕ್ಕೂ ಮನಿಗೂ ತಾಳಮೇಳ ಇಲ್ಲ, ಇ-ಖಾತೆ ಕೊಡಾಕ ಬರಾಂಗಿಲ್ಲ ಅಂದು ಹೋದ್ರು."

"ಮಾಳಿಗೆ ಉಂಟು ಅಂತ ನೀವೇ ಹೇಳಿದ್ದಲ್ವಾ ಆಪಾ?" ಎಂದೆ. ನನಗೂ ಸಿಟ್ಟು ಬಂದಿತ್ತು.

"ಐತಿ ಅಂತ ಈಗ್ಲೂ ಹೇಳ್ತೀನಿ. ಬಾ, ನೋಡು ಬಾ!"

ಅಂಗಡಿಯ ಶಟರ್ ಅರ್ಧ ಎಳೆದು, ಅಳತೆ ಟೇಪು ಹಿಡಿದು ಹೊರಟೆ. ಬಂಡೆಗುಡ್ಡದ ಬುಡದ ಓಣಿಯಲ್ಲಿ ದಪ್ಪ ಕಲ್ಲುಗೋಡೆಯ, ತಗ್ಗು ಬಾಗಿಲಿನ ಮನೆ. ಒಳಗೆ ಆ ಬಿಸಿಲಲ್ಲೂ ತಂಪು. ಮೆಟ್ಟಿಲು ಎಲ್ಲೂ ಕಾಣಲಿಲ್ಲ. ಹಿತ್ತಲಲ್ಲಿ ಒಂದು ಮರದ ನಿಚ್ಚಣಿಕೆ ಒರಗಿಸಿತ್ತು. "ಹತ್ತು" ಎಂದರು. ಹತ್ತಿದೆ. ಮೇಲೆ ಬಟಾಬಯಲು. ನೀರಿಳಿಯದ ಸವಳು ಮಣ್ಣು ಬಡಿದು ಮಾಡಿದ ಚಪ್ಪಟೆ ನೆಲ, ಒಂದು ಮೂಲೆಯಲ್ಲಿ ಒಣಹಾಕಿದ ಮೆಣಸಿನಕಾಯಿ, ನಡುವೆ ಬೆಳಕಿಂಡಿ. ಅದರೊಳಗಿಂದ ಆಪಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿ ಆಪಾ ಮಾಳಿಗೆ?"

"ಅದರ ಮ್ಯಾಲೇ ನಿಂತೀಯಲ್ಲ ಹುಚ್ಚಿ!"

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇಲ್ಲಿ ಮಾಳಿಗೆ ಎಂದರೆ ಮಣ್ಣಿನ ಛಾವಣಿ. ಮಾಳಿಗೆ ಮನೆ ಎಂದರೆ ಮಣ್ಣಿನ ಮಾಡಿನ ಒಂದೇ ಅಂತಸ್ತಿನ ಮನೆ. ಎಂಟು ವರ್ಷ ಈ ಸೀಮೆಯ ರೊಟ್ಟಿ ತಿಂದರೂ, ನಮ್ಮದು ಸ್ಲಾಬ್ ಮನೆಯಾದ್ದರಿಂದ ಆ ಮಾತು ನನ್ನ ಕಿವಿಗೆ ಆ ಅರ್ಥದಲ್ಲಿ ಬಿದ್ದೇ ಇರಲಿಲ್ಲ. ಮೆಣಸಿನಕಾಯಿಯ ಪಕ್ಕದಲ್ಲೇ ಕೂತು ನಗಲು ಶುರುಮಾಡಿದೆ. ಆಮೇಲೆ ಇನ್ನೊಂದು ವಿಷಯ ತಲೆಗೆ ಬಂತು, ನಗು ಅಲ್ಲಿಗೇ ನಿಂತಿತು. ಈ ತಿಂಗಳು ನಾನು 'ಮಾಳಿಗೆ ಮನೆ' ಎಂಬ ಎಷ್ಟು ಪತ್ರ ನೋಡಿದ್ದೆ?

ಕೆಳಗಿಳಿದಾಗ ಆಪಾ ನಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಸೆರಗಿನ ತುದಿ ತಿರುವುತ್ತಿದ್ದರು.

"ತಮ್ಮಗ ಫೋನ್ ಮಾಡಿ, ಹಿಂಗ ತಡ ಆಗೈತಿ, ಕಾಗದದಾಗ ಮ್ಯಾಲೊಂದು ಮನಿ ಬಂದೈತಿ ಅಂದೆ. ಅವ ಏನಂದ ಗೊತ್ತೈತೇನು? ನಾಕು ವರ್ಷದಿಂದ ನಾ ಆ ಕಡಿ ಬಂದಿಲ್ಲಂತ ನನಗ ತಿಳೀದಂಗ ಮ್ಯಾಲೆ ಕಟ್ಟಿಸಿ ಬಾಡಿಗಿ ತಿಂದೇನು ಆಪಾ ಅಂದ. ಸರಕಾರಿ ಕಾಗದ ಸುಳ್ಳು ಹೇಳಾಂಗಿಲ್ಲ ಅಂದ. ಈಗ ಫೋನೂ ಎತ್ತವಲ್ಲ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಮನಿ ಹೋದ್ರ ಹೋಗ್ಲಿ. ಕಳ್ಳಿ ಅಂದ ನನ್ನ. ಹಂಗ ಅಂದುಕೊಂಡು ಹಜ್‌ಗೆ ಹೋಗ್ತಾನಲ್ಲ."

ಬಿಚ್ಚದ ಟೇಪನ್ನು ಹಿಡಿದು ವಾಪಸ್ ಹೊರಟೆ.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಉಳಿಸಿದ್ದ ನಮೂನೆಗಳನ್ನೆಲ್ಲ ತೆಗೆದು ನೋಡಿದೆ. ಮೂವತ್ತೊಂದು ಮನೆಗೆ ನಾನು ಮಹಡಿ ಕಟ್ಟಿದ್ದೆ! ಅಷ್ಟೂ ಮಂದಿ ಇಲ್ಲದ ಮಹಡಿಗೆ ತೆರಿಗೆ ಕಟ್ಟಿದ್ದರು. ಅದೂ ಕಾಂಕ್ರೀಟಿನ ದರದಲ್ಲಿ. ಮಣ್ಣಿನ ಛಾವಣಿಯ ದರ ಅದಕ್ಕಿಂತ ಕಡಿಮೆ.

ತಪ್ಪಿಸಿಕೊಳ್ಳುವ ದಾರಿ ಕಣ್ಣೆದುರೇ ಇತ್ತು. 'ಸರ್ವರ್ ತಪ್ಪು' ಎಂದರೆ ಆಯಿತು. ನಮ್ಮ ವೃತ್ತಿಯಲ್ಲಿ ಈ ಎರಡು ಪದಕ್ಕೆ ಎದುರು ಮಾತಿಲ್ಲ. ಜನ ನಿಟ್ಟುಸಿರುಬಿಟ್ಟು ಹೋಗುತ್ತಾರೆ. ಆ ಸಂಜೆ ಬಳ್ಳಾರಿಯ ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮ್ಯಾಲಿನ ಮನಿಗೆ ನಾವು ಮ್ಯಾಡ ಅಂತೀವವ್ವಾ. ಮಾಳಿಗಿ ಬ್ಯಾರೆ, ಮ್ಯಾಡ ಬ್ಯಾರೆ. ಕೇಳಬಾರದೇನು?"

"ಸರ್ವರ್ ಮೇಲೆ ಹಾಕಲಾ ಅತ್ತೆ?"

"ಹಾಕು. ಆಕಿ ತಮ್ಮ ಸರ್ವರ್ ಮಾತು ನಂಬ್ತಾನೇನು? ಕಾಗದ ನಂಬಿದವನಿಗೆ ಕಾಗದ ಬರದಾಕಿನ ಹೋಗಿ ಹೇಳಬೇಕು."

ಅಲ್ಲಿಗೆ ತೀರ್ಮಾನವಾಯಿತು. ಬುಧವಾರ ಅಂಗಡಿಯ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: 'ಮಾಳಿಗೆ ಮನೆಯವರು ದಯವಿಟ್ಟು ವಾಪಸ್ ಬನ್ನಿ. ನಿಮ್ಮ ನಮೂನೆ ನಾನು ತಪ್ಪು ತುಂಬಿದ್ದೇನೆ. ತಪ್ಪು ನನ್ನದು. ತಿದ್ದಲು ಹಣ ಬೇಡ.' ಪಕ್ಕದ ಅಂಗಡಿಯವರು ಬಂದು ಓದಿ, "ಏನ್ರಿ ಮೇಡಂ, ನಿಮ್ಮ ಕಾಲ ಮ್ಯಾಲೆ ನೀವ ಕಲ್ಲು ಹಾಕ್ಕೊಂತೀರಲ್ಲ" ಎಂದರು. ಅವರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ.

ಆಪಾ ಜೊತೆ ಪುರಸಭೆಯ ತೆರಿಗೆ ವಿಭಾಗಕ್ಕೆ ಹೋದೆ. ಅಲ್ಲಿನ ಗುಮಾಸ್ತರು ತಾಳ್ಮೆಯ ಮನುಷ್ಯ. ನಾನು ಉಸಿರು ಬಿಡದೆ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದರು.

"ಅಂದ್ರ ನಿಮ್ಮ ಊರಾಗ ಮಾಳಿಗಿ ಅಂದ್ರ ಮಹಡಿ?"

"ಹೌದು ಸಾರ್."

"ಮತ್ತ ನಮ್ಮ ಮಾಳಿಗಿಗೆ ಏನಂತೀರಿ?"

"ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ ಸಾರ್. ಹೆಂಚು ಮಾತ್ರ."

"ಹಂಗಾರ ಇಲ್ಲದ್ದಕ್ಕ ಹೆಸರು ಎಲ್ಲಿಂದ ತರ್ತೀರಿ, ಬಿಡ್ರಿ" ಎಂದು ನಕ್ಕು, ಆಮೇಲೆ ಗಂಭೀರವಾಗಿ ಬೇಕಾದದ್ದನ್ನು ಹೇಳಿದರು. ತಿದ್ದುಪಡಿ ಅರ್ಜಿ, ಕ್ರಯಪತ್ರದ ಪ್ರತಿ, ಅಳತೆ ಹಾಕಿದ ಕೈನಕ್ಷೆ, ಮುಂದಿನಿಂದ ಒಂದು ಮತ್ತು ಛಾವಣಿಯ ಮೇಲಿನಿಂದ ಒಂದು ಫೋಟೊ, ಮಾಲೀಕರ ಹೇಳಿಕೆ. "ಮಾಲೀಕರು ಇಬ್ರು ಅದಾರ. ಇಬ್ಬರ ಸಹಿನೂ ಬೇಕು. ಹೆಚ್ಚು ಕಟ್ಟಿದ ತೆರಿಗಿ ಮುಂದಿನ ವರ್ಷಕ್ಕ ಹೊಂದಿಸಾಕ ಬರ್ತೈತಿ, ಅದಕ್ಕೊಂದು ಬ್ಯಾರೆ ಅರ್ಜಿ ಕೊಡ್ರಿ."

ಇಬ್ಬರ ಸಹಿ! ಆಪಾ ನನ್ನ ಮುಖ ನೋಡಿದರು. ಫೋನ್ ಎತ್ತದ ತಮ್ಮನ ಸಹಿ.

ಆ ಮಧ್ಯಾಹ್ನ ಮನೆ ಅಳೆದೆವು. ಗೋಡೆ ಮೊಳದಷ್ಟು ದಪ್ಪ, ಮೂಲೆಗಳು ಸೊಟ್ಟ. ಹೊರಗಿನ ಅಳತೆಗೂ ಒಳಗಿನ ಅಳತೆಗೂ ಬಹಳ ವ್ಯತ್ಯಾಸ ಬರುತ್ತಿತ್ತು. ಕಟ್ಟಡದ ವಿಸ್ತೀರ್ಣಕ್ಕೆ ಹೊರ ಅಳತೆ ಹಿಡಿಯಬೇಕು. ಮೂರು ಸಲ ಅಳೆದು ಮೂರನೆಯದನ್ನು ಬರೆದುಕೊಂಡೆ. ಹನ್ನೆರಡು ನಿಮಿಷದವಳು ಒಂದು ಮನೆಗೆ ಎರಡೂವರೆ ಗಂಟೆ ತೆಗೆದುಕೊಂಡೆ, ಅದೂ ಎಂಥ ಖುಷಿಯಿಂದ! ಕಾಲಂ ಕಾಲಂ ಆಗಿ ಮಾತ್ರ ಗೊತ್ತಿದ್ದ ಮನೆಯನ್ನು ಮೊದಲ ಸಲ ಕೈಯಿಂದ ಮುಟ್ಟಿ ನೋಡಿದ್ದೆ.

ಗುರುವಾರ ಎರಡು ಬಸ್ ಬದಲಿಸಿ ಸಿರುಗುಪ್ಪಕ್ಕೆ ಹೋದೆವು. ಕೊಯ್ಲಿನ ಕಾಲ, ರಸ್ತೆಯುದ್ದಕ್ಕೂ ಭತ್ತದ ಟ್ರ್ಯಾಕ್ಟರುಗಳು. ಗಿರಣಿಯ ಅಂಗಳದಲ್ಲಿ ಹೊಟ್ಟಿನ ದೂಳು ಮುಖಕ್ಕೆ ಹೊಡೆಯುತ್ತಿತ್ತು. ತಮ್ಮ ಹಮಾಲರಿಗೆ ಏನೋ ಕೂಗಿ ಹೇಳುತ್ತ ನಿಂತಿದ್ದವನು ಅಕ್ಕನನ್ನು ಕಂಡು ಮುಖ ತಿರುಗಿಸಿದ. ಆಪಾ ಅಲ್ಲೇ ನಿಂತುಬಿಟ್ಟರು. ನಾನು ಮುಂದೆ ಹೋದೆ.

"ಅಣ್ಣಾ, ಆ ಕಾಗದ ತುಂಬಿದ್ದು ನಾನು."

"ತುಂಬಿದ್ರಿ, ಚಲೋ ಆತು. ಇದ್ದದ್ದನ್ನ ತುಂಬೀರಿ. ಈಗ ಆಕಿ ಹೇಳಿದಂಗ ತಿದ್ದಾಕ ಬಂದೀರೇನು?"

ಹೇಗೆ ಹೇಳಿದರೆ ನಂಬುತ್ತಾನೆ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ಆ ಕ್ಷಣ ಎಲ್ಲ ಮರೆತುಹೋಯಿತು. ನೇರವಾಗಿ ಕೇಳಿದೆ, "ನೀವು ಹುಟ್ಟಿದ ಮನೆ ಎಂಥದು ಅಣ್ಣಾ?"

"ಮಾಳಿಗಿ ಮನಿ. ಯಾಕ?"

"ಮಾಳಿಗೆ ಮನೆಗೆ ಎಷ್ಟು ಅಂತಸ್ತು?"

"ಏನ್ ಕೇಳ್ತೀರಿ? ಮಾಳಿಗಿ ಮನಿಗೆ ಅಂತಸ್ತು ಎಲ್ಲಿಂದ ಬರ್ತಾವ?"

"ನನ್ನ ತಲೆಯಿಂದ ಬಂದದ್ದು ಮಾರಾಯ್ರೆ! ನಮ್ಮೂರಲ್ಲಿ ಮಾಳಿಗೆ ಅಂದರೆ ಮಹಡಿ. ಪತ್ರದಲ್ಲಿ ಮಾಳಿಗೆ ಮನೆ ಅಂತ ಓದಿದೆ, ಒಂದು ಮಹಡಿ ಕಟ್ಟಿದೆ. ನಿಮ್ಮ ಅಕ್ಕ ಒಂದು ಇಟ್ಟಿಗೆಯನ್ನೂ ಕಟ್ಟಲಿಲ್ಲ. ಇವರದೊಂದೇ ಅಲ್ಲ, ಮೂವತ್ತೊಂದು ಮನೆಗೆ ಕಟ್ಟಿದ್ದೇನೆ!" ಎಂದು ಅಂಗಡಿ ಬಾಗಿಲಿಗೆ ಅಂಟಿಸಿದ್ದರ ಫೋಟೊ ಮೊಬೈಲಿನಲ್ಲಿ ತೋರಿಸಿದೆ. ಆಮೇಲೆ ಛಾವಣಿಯ ಫೋಟೊ. ಮೆಣಸಿನಕಾಯಿ, ಬೆಳಕಿಂಡಿ, ನಿಚ್ಚಣಿಕೆಯ ತುದಿ.

ಆತ ಬಾಗಿಲ ಬರಹವನ್ನು ಎರಡು ಸಲ ಓದಿದ. ಛಾವಣಿಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನಿಚ್ಚಣಿಕೆಯನ್ನೇ ಬಹಳ ಹೊತ್ತು ನೋಡಿದ.

"ಇದು ನಮ್ಮ ಅಬ್ಬಾ ಮಾಡಿದ್ದು," ಎಂದ. ಆಮೇಲೆ ನನ್ನನ್ನು ದಾಟಿ ಹೋಗಿ ಅಕ್ಕನ ಮುಂದೆ ನಿಂತ. "ಆಪಾ, ಬಾಯಿ ತಪ್ಪಿ ಅಂದೆ. ಮಾಫ್ ಮಾಡು."

ಆಪಾ ಮಾಫ್ ಮಾಡಲಿಲ್ಲ, ಸದ್ಯಕ್ಕೆ. "ಲೇ, ಕಳ್ಳಿ ಅಂದೀಯಲ್ಲೋ ನನ್ನ! ನಿನ್ನ ಕುಂಡಿ ತೊಳದಾಕಿ ನಾನು!" ಎಂದು ಆ ಗಿರಣಿಯ ಹಮಾಲರೆಲ್ಲ ಕೇಳುವಂತೆ ಬೈದರು. ಬೈದು ಮುಗಿಸಿ ಅತ್ತರು. ಆತ ಭತ್ತದ ಮೂಟೆಯ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಶುಕ್ರವಾರ ಅರ್ಜಿ ಕೊಟ್ಟೆವು, ಗುಮಾಸ್ತರು ಬಂದು ಮನೆ ನೋಡಿ ಹೋದರು. ತೆರಿಗೆಯ ತಿಂಗಳೆಂದು ರಜೆಯ ಶನಿವಾರವೂ ಕಚೇರಿ ತೆರೆದಿತ್ತು, ಅಂದೇ ಅನುಮೋದನೆ ಸಿಗಬೇಕಿತ್ತು. ಬೆಳಗ್ಗೆಯಿಂದ ಸರ್ವರ್ ಕೆಟ್ಟು ಕೂತಿತು. ನಿಜವಾಗಿಯೂ ಸರ್ವರ್! ಆಪಾ ಗಂಟೆಗೊಮ್ಮೆ ಫೋನ್ ಮಾಡಿದಾಗಲೂ ನಾನು ಅದನ್ನೇ ಹೇಳಬೇಕಾಯಿತು.

"ತಂಗಿ, ಖರೇನ ಸರ್ವರ್ ಏನು, ಇಲ್ಲಾ ಮತ್ತೇನರ ಕಟ್ಟೀಯೇನು?"

"ಆಣೆ ಮಾಡಿ ಹೇಳ್ತೇನೆ ಆಪಾ, ಸರ್ವರ್!"

ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಪರದೆಯ ಮೇಲೆ ಅಕ್ಷರ ಮೂಡಿತು. ನೆಲ ಅಂತಸ್ತು ಮಾತ್ರ. ಮಣ್ಣಿನ ಛಾವಣಿ. ಸ್ವಂತ ವಾಸ. ಅನುಮೋದಿಸಲಾಗಿದೆ. ನಾನು ಕಿರುಚಿದ್ದಕ್ಕೆ ಪಕ್ಕದ ಅಂಗಡಿಯವರು ಓಡಿ ಬಂದರು.

ಸೋಮವಾರ ನೋಂದಣಿ ಕಚೇರಿಯಲ್ಲಿ ಪತ್ರ ಬರೆಯುವವರು 'ಮಾಳಿಗೆ ಮನೆ' ಎಂದು ಬರೆದಾಗ ನಾನು ಅವರ ಕೈ ಹಿಡಿಯುವುದೊಂದು ಬಾಕಿ. "ಅದರ ಮುಂದೆ, ಮಣ್ಣಿನ ಛಾವಣಿಯ ಒಂದೇ ಅಂತಸ್ತಿನ ಮನೆ ಅಂತ ಬರೆಯಿರಿ" ಎಂದೆ. "ಯಾಕ್ರಿ, ಮಾಳಿಗಿ ಅಂದ್ರ ಅದ ಅಲ್ಲೇನು?" ಎಂದರು. "ನಾಳೆ ನಮ್ಮೂರಿನವರು ಇನ್ನೊಬ್ಬರು ಅಂಗಡಿ ತೆರೆದರೆ?" ಎಂದೆ. ಬರೆದರು. ತಮ್ಮ ಸಹಿ ಮಾಡಿದ, ಅಕ್ಕ ಹೆಬ್ಬೆಟ್ಟು ಒತ್ತಿದರು. ಪತ್ರ ಕೈಗೆ ಬಂದಾಗ ಆಪಾ, "ನನ್ನ ಹೆಸರು ಎಲ್ಲೈತಿ? ಬೆಟ್ಟು ಇಟ್ಟು ತೋರ್ಸು" ಎಂದರು. ನಾನು ತೋರಿಸಿದ ಜಾಗವನ್ನು ಸೆರಗಿನಿಂದ ಒರೆಸಿದರು, ಅಲ್ಲಿ ದೂಳೇನೂ ಇರಲಿಲ್ಲ.

ಅಲ್ಲಿಂದ ಮನೆಗೆ ಹೋದೆವು. ತಮ್ಮ ಒಳಗೂ ಬಾರದೆ ಸೀದಾ ಹಿತ್ತಲಿಗೆ ಹೋಗಿ ಅಪ್ಪ ಮಾಡಿದ ನಿಚ್ಚಣಿಕೆ ಹತ್ತಿದ. ಆಮೇಲೆ ಬೆಳಕಿಂಡಿಯಿಂದ ಮುಖ ಹಾಕಿದ. ಕಣ್ಣು ಕೆಂಪಾಗಿದ್ದವು, ನಗುತ್ತಿದ್ದ.

"ಆಪಾ, ಮ್ಯಾಲಿನ ಮನಿ ನೋಡ್ದೆ. ಬಾಳ ಚಲೋ ಐತಿ. ಗ್ವಾಡಿ ಒಂದು ಇಲ್ಲ, ಅಷ್ಟ."

"ಗ್ವಾಡಿ ಕಟ್ಟಿಸ್ತೀನಿ ತಗೋ," ಎಂದರು ಆಪಾ, ಪತ್ರವನ್ನು ಎದೆಗೆ ಒತ್ತಿಕೊಂಡು. "ಈಗ ಮನಿ ನಂದೈತಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಕಟ್ಟಿಸುವ ಮೊದಲು ನನಗೆ ಹೇಳಿ ಆಪಾ. ಪರವಾನಗಿ ತೆಗೆಯಬೇಕು, ಹೊಸ ನಮೂನೆ ತುಂಬಬೇಕು!"

"ನಿನಗ ಮಾತ್ರ ಹೇಳಾಂಗಿಲ್ಲ ನಮ್ಮವ್ವ," ಎಂದು ಆಪಾ ಕೈಮುಗಿದರು. "ನೀ ಮೂರಂತಸ್ತು ಬರೀತಿ."